ದಂಡೆಯಿಂದಲೋ ದೋಣಿಯಿಂದಲೋ

ಯಲಬುರ್ಗಾದಿಂದ ಗದಗಿಗೆ ಹೋಗುವ ಮೊದಲ ಬಸ್ಸಿನಲ್ಲಿ ನಾನೂ ನನ್ನ ಮಗಳು ಸುಮಂಗಲಾಳೂ ಕೂತಾಗ ನವೆಂಬರಿನ ಚಳಿ ಇತ್ತು. ಕುಕನೂರು ದಾಟುವವರೆಗೆ ಕಿಟಕಿಯ ಗಾಜು ಸರಿಸುವ ಹಾಗಿರಲಿಲ್ಲ. ಹೊರಗೆ ಎರೆಮಣ್ಣಿನ ಹೊಲಗಳಲ್ಲಿ ಕಡಲೆ, ಬಿಳಿಜೋಳ ಎದ್ದು ನಿಂತಿದ್ದವು. ನಾವು ಹೊರಟದ್ದು ಸಮುದ್ರಕ್ಕೆ. ನನ್ನ ಹೆಂಡತಿಯನ್ನು ಬಿಟ್ಟರೆ ಊರಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. ಕೇಳಿದವರಿಗೆಲ್ಲ ಹುಬ್ಬಳ್ಳಿಯಲ್ಲಿ ಒಂದು ಮದುವೆ ಇದೆ ಅಂದಿದ್ದೆ.

ನನ್ನದು ತೂಕ-ಅಳತೆಯ ಇನ್ಸ್‌ಪೆಕ್ಟರ್ ಕೆಲಸ. ಕುಷ್ಟಗಿ, ತಾವರಗೇರಾ, ಗಂಗಾವತಿಯ ಸಂತೆಗಳಲ್ಲಿ ತಕ್ಕಡಿ ಎತ್ತಿ ನೋಡುತ್ತಲೇ ನನ್ನ ತಲೆಗೂದಲು ಹಣ್ಣಾಗಿವೆ. ತೂಕದ ಕಲ್ಲಿನ ಅಡಿಯ ಸೀಸ ಕೆರೆದಿರುತ್ತಾರೆ, ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿರುತ್ತಾರೆ. ನಗುನಗುತ್ತ ಚಹಾ ತರಿಸುವ ಅಂಗಡಿಯವನ ತಕ್ಕಡಿಯನ್ನೇ ಮೊದಲು ನೋಡಬೇಕು ಎಂದು ಕೆಲಸ ಕಲಿಸಿಕೊಟ್ಟಿದೆ. ಹೀಗೆ ಅನುಮಾನ ಪಡುವುದು ನನಗೆ ಸಂಬಳದ ಕೆಲಸ. ಮನೆಗೆ ಬಂದ ಮೇಲೂ ಅದು ಬಿಡುವುದಿಲ್ಲ ಎಂದು ನನ್ನ ಹೆಂಡತಿಯ ತಕರಾರು.

ಸುಮಾ ಈಜು ಕಲಿತದ್ದು ಇರಕಲ್ಲಗಡದ ಸೋದರಮಾವನ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆಮೇಲೆ ಗಂಗಾವತಿ ಕಡೆಯ ಕಾಲುವೆ, ಕಾಲೇಜಿನ ಪಂದ್ಯ, ಪದಕ. ಹಿಂದಿನ ವರ್ಷ ಗೆಳತಿಯರ ಜೊತೆ ಗೋವೆಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದ ತಳಕ್ಕಿಳಿಯುವ ತರಬೇತಿ ಮುಗಿಸಿ ಬಂದಿದ್ದಳು. ಅದು ಒಂದು ಸಲದ ಹುಚ್ಚು ಎಂದು ನಾನು ತಿಳಿದಿದ್ದೆ. ಈಗ ಅದೇ ಅವಳ ನೌಕರಿಯಾಗುವುದರಲ್ಲಿತ್ತು. ಪ್ರವಾಸಿಗಳನ್ನು ನೀರಿನಡಿಗೆ ಕರೆದೊಯ್ದು ಮೀನು, ಹವಳ ತೋರಿಸುವ ಇಬ್ಬರು ಅವಳನ್ನು ಕೆಲಸಕ್ಕೆ ಕರೆದಿದ್ದರು. ನೀರಿಗಿಳಿಯುವ ಹೆಣ್ಣುಮಕ್ಕಳು ಪಕ್ಕದಲ್ಲಿ ಒಬ್ಬ ಹೆಂಗಸೇ ಇರಲಿ ಅನ್ನುತ್ತಾರಂತೆ. ಕರೆದವರಲ್ಲಿ ಒಬ್ಬರು ದಂಡೆಯಿಂದ ಇಳಿಸುವವರು, ಇನ್ನೊಬ್ಬರು ದೋಣಿಯಿಂದ ಇಳಿಸುವವರು. ಇಬ್ಬರೂ ಒಂದೇ ಊರಲ್ಲಿದ್ದರು. ಊರಿನ ಹೆಸರು ಬರೆಯುವುದಿಲ್ಲ, ಹೊನ್ನಾವರದ ಆಚೆ ಎಂದರೆ ಸಾಕು. ಇಬ್ಬರನ್ನೂ ನೋಡಿ, ಒಬ್ಬರನ್ನು ಆರಿಸಬೇಕು ಎಂಬುದು ಅವಳ ಲೆಕ್ಕ. ಇಬ್ಬರನ್ನೂ ನೋಡಿ, ಮಗಳನ್ನು ವಾಪಸ್ ಕರೆತರಬೇಕು ಎಂಬುದು ನನ್ನ ಲೆಕ್ಕ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರದಲ್ಲಿ ಇಡ್ಲಿ ತಿಂದು, ಘಟ್ಟ ಇಳಿಯತೊಡಗಿದಾಗ ಅವಳು ಎರಡಕ್ಕೂ ಇರುವ ವ್ಯತ್ಯಾಸ ವಿವರಿಸಿದಳು. ದಂಡೆಯಿಂದ ಇಳಿಯುವುದೆಂದರೆ ಸಿಲಿಂಡರ್ ಹೊತ್ತು ಬಂಡೆಗಳ ನಡುವೆ ನಡೆದೇ ನೀರಿಗೆ ಹೋಗುವುದು. ಅಲೆ ಒಡೆಯುವ ಜಾಗ ದಾಟಿದ ಮೇಲೆ ಮುಳುಗುವುದು. ಸಾಕೆನಿಸಿದಾಗ ಹೊರಳಿ ಬರುವುದು. ದೋಣಿಯೆಂದರೆ ದೂರದ ದ್ವೀಪದವರೆಗೆ ಹೋಗಬೇಕು. ಅಲ್ಲಿ ನೀರು ತಿಳಿ, ಮೀನು ಹೆಚ್ಚು. ಆದರೆ ದೋಣಿಯಲ್ಲಿ ವಾಂತಿ, ನೀರಿನಡಿಯಲ್ಲಿ ಸೆಳವು, ಮೇಲೆ ಬಂದಾಗ ಹಿಡಿಯಲು ದೋಣಿಯೊಂದೇ. ಕೇಳುತ್ತಿದ್ದ ಹಾಗೆಯೇ ನಾನು ತೀರ್ಮಾನ ಮಾಡಿದೆ. ಇಳಿಯಲೇಬೇಕಿದ್ದರೆ ದಂಡೆಯೇ ಸೈ. ಅಲ್ಲಾದರೆ ನೆಲ ಹತ್ತಿರ, ನನ್ನ ಕಣ್ಣ ಮುಂದೆ ಇರುತ್ತಾಳೆ.

ಅದನ್ನು ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ, "ದಂಡಿ ಹತ್ರ ಇದ್ರ ಕಲ್ಲೂ ಹತ್ರ ಇರ್ತಾವಪ್ಪ" ಅಂದಳು. ನನ್ನನ್ನು ಹೆದರಿಸಿ ದೋಣಿಯ ಕಡೆ ಒಲಿಸಿಕೊಳ್ಳುವ ಉಪಾಯ ಎಂದುಕೊಂಡೆ.

ಸಂಜೆ ಆ ಊರಲ್ಲಿ ಇಳಿದಾಗ ಸೆಕೆಗೆ ಅಂಗಿ ಬೆನ್ನಿಗಂಟಿತ್ತು. ನಿಲ್ದಾಣದಲ್ಲಿ ದಂಡೆಯವನು, ರುದ್ರೇಶ, ಸ್ವಂತ ಜೀಪು ತಂದು ಕಾಯುತ್ತಿದ್ದ. ಮೂವತ್ತೈದರ ಆಸುಪಾಸಿನ, ಬಿಸಿಲಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಆಳು. ನನ್ನ ಕೈಯ ಚೀಲ ಕಸಿದುಕೊಂಡು ಅವನು ಆಡಿದ ಮೊದಲ ಮಾತಿಗೇ ನಾನು ನಿಂತುಬಿಟ್ಟೆ.

"ಬರ್ರಿ ಸಾಹೇಬ್ರ. ನಮ್ದೂ ತಾವರಗೇರಾನ ರೀ. ನಮ್ಮಪ್ಪನ ಕಿರಾಣಿ ಅಂಗಡಿಗೆ ನೀವು ಎಷ್ಟು ಸಲ ಬಂದೀರಿ."

ಆ ಅಂಗಡಿ ನನಗೆ ನೆನಪಿತ್ತು, ಅಲ್ಲಿನ ತಕ್ಕಡಿಯೂ ಸರಿಯಿತ್ತು. ಮುನ್ನೂರು ಕಿಲೋಮೀಟರಿನಾಚೆ ನಮ್ಮ ಮಾತು ಕಿವಿಗೆ ಬಿದ್ದರೆ ಮನುಷ್ಯ ಎಷ್ಟು ಸಡಿಲಾಗುತ್ತಾನೆ ಎಂದು ಅವತ್ತು ತಿಳಿಯಿತು. ಲಾಡ್ಜಿನಲ್ಲಿ ಚೀಲ ಇಳಿಸಿ ಅವನ ಮನೆಗೆ ಹೋದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವನ ಹೆಂಡತಿ ಸುಮಾಳನ್ನು ತಂಗಿ ಎಂದು ಕರೆದಳು. ಊಟದ ನಡುವೆ ಅವನು ದೋಣಿಯವರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಆ ಕಡೆ ಹೋದ ಮಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಕಣ್ಣಿಗೆ ಕಾಣುವುದಿಲ್ಲ, ಇಲ್ಲಾದರೆ ನೀವು ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿರಬಹುದು ಎಂದಷ್ಟೇ ಅಂದ. ನನ್ನ ಮನಸ್ಸಿನ ಮಾತನ್ನು ಅವನೇ ಆಡಿದಂತಾಯಿತು. ಜೀಪಿನಲ್ಲಿ ವಾಪಸ್ ಬಿಡುವ ಹೊತ್ತಿಗೂ, ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವನ ಮೇಲೆ, ಲಾಡ್ಜಿನ ಗುಮಾಸ್ತನ ಮೇಲೆ ಬಂದಿದ್ದ ಅನುಮಾನಗಳಲ್ಲಿ ಒಂದೂ ಇವನ ಮೇಲೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ದೋಣಿಯವರನ್ನು ನೋಡಲು ಹೊಳೆ ಸಮುದ್ರ ಸೇರುವ ಜಾಗದಲ್ಲಿ ದೋಣಿ ಕಟ್ಟುವ ಧಕ್ಕೆಗೆ ನಡೆದೆವು. ದೋಣಿಯ ಒಡತಿ ಫಿಲೋಮಿನಾ ಬಾಯಿ. ಐವತ್ತು ದಾಟಿದ ಹೆಂಗಸು, ಗಂಡಸರ ಅಂಗಿ ತೊಟ್ಟು, ಸೀರೆ ಎತ್ತಿಕಟ್ಟಿ, ಪೈಪು ಹಿಡಿದು ದೋಣಿಯ ಹಲಗೆ ತೊಳೆಯುತ್ತಿದ್ದಳು. ಮನೆಮಾತು ಕೊಂಕಣಿ. ಕನ್ನಡವನ್ನು ಶಾಲೆಯ ಪುಸ್ತಕದ ಹಾಗೆ ಆಡುತ್ತಿದ್ದಳು. ನಮ್ಮನ್ನು ಕೂರಲೂ ಹೇಳಲಿಲ್ಲ. ನೀರು ನಿಲ್ಲಿಸಿ ಸುಮಾಳನ್ನು ಮೇಲಿಂದ ಕೆಳಗೆ ನೋಡಿ, ಶೀತ ಆದಾಗ ನೀರಿಗಿಳಿದದ್ದುಂಟೇ ಎಂದು ಕೇಳಿದಳು. ಸುಮಾ ಒಮ್ಮೆ ಇಳಿದು ಕಿವಿ ನೋಯಿಸಿಕೊಂಡದ್ದನ್ನು ಹೇಳಿದಳು. ಸುಳ್ಳು ಹೇಳಬಹುದಿತ್ತಲ್ಲ ಎಂದು ನಾನು ಅಂದುಕೊಂಡೆ. ಆಕೆ ತಲೆಯಾಡಿಸಿ ಮತ್ತೆ ಪೈಪು ಹಿಡಿದಳು.

ನಾನೂ ದೋಣಿಯಲ್ಲಿ ಒಮ್ಮೆ ಬಂದು ನೋಡುತ್ತೇನೆ ಅಂದೆ.

"ನೋಡಲಿಕ್ಕೆ ಬರುವವರಿಗೆ ದೋಣಿಯಲ್ಲಿ ಜಾಗ ಇಲ್ಲ" ಅಂದಳು.

ಅಲ್ಲಿಗೆ ನನ್ನ ತಲೆ ಕೆಲಸ ಮಾಡತೊಡಗಿತು. ನೋಡಬೇಡಿ ಎಂದವನ ಅಂಗಡಿಯೊಳಗೇ ನೋಡಬೇಕಾದದ್ದು ಇರುತ್ತದೆ. ಸುಮಾಳನ್ನು ಲಾಡ್ಜಿಗೆ ಕಳಿಸಿ ನಾನು ಧಕ್ಕೆಯ ಎದುರಿನ ಚಹಾ ಅಂಗಡಿಯಲ್ಲಿ ಕೂತೆ. ಮೀನು ವ್ಯಾಪಾರಿಯ ಹಾಗೆ ಮಾತು ತೆಗೆದೆ. ಈ ಶರಟು ಪ್ಯಾಂಟಿನಲ್ಲಿ ಯಾರು ನಂಬಿದರೋ ಗೊತ್ತಿಲ್ಲ. ಅಂಗಡಿಯವನು ಹೇಳಿದ್ದಿಷ್ಟು. ಆಕೆ ವಿಧವೆ, ಗಂಡ ಸತ್ತದ್ದು ಸಮುದ್ರದಲ್ಲಿ, ಇದೇ ದೋಣಿಯ ಹತ್ತಿರ. ಹೇಗೆ ಎಂದು ಕೇಳಿದಾಗ ಅವನು ಲೋಟ ತೊಳೆಯಲು ಒಳಗೆ ಹೋದ. ನನಗೆ ಬೇಕಾದದ್ದು ಸಿಕ್ಕಿತ್ತು. ಗಂಡನನ್ನೇ ಕಾಪಾಡಿಕೊಳ್ಳದ ದೋಣಿಗೆ ಮಗಳನ್ನು ಹತ್ತಿಸುವುದಿಲ್ಲ ಎಂದು ಸುಮಾಗೆ ಹೇಳಿದೆ. ಹಾಗಾದರೆ ಅವಳು, ನಾಳೆ ರುದ್ರೇಶನ ಕಡೆ ಹೋಗಿ ಕೆಲಸ ನೋಡೋಣ ಎಂದಳು.

ಮರುದಿನ ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಗಾಳಿಯೂ ಇರಲಿಲ್ಲ. ಆದರೆ ಸಮುದ್ರ ಹಿಂದಿನ ದಿನಕ್ಕಿಂತ ದಪ್ಪಗೆ ಉಸಿರಾಡುತ್ತಿದ್ದ ಹಾಗೆ ಕಂಡಿತು. ಅಲೆಗಳು ದೂರದಿಂದಲೇ ಎದ್ದು, ನಿಧಾನಕ್ಕೆ ಬಂದು ಬಂಡೆಗಳ ಮೇಲೆ ಬೀಳುತ್ತಿದ್ದವು. ಜೀಪು ಧಕ್ಕೆಯ ಮುಂದೆ ಹಾಯ್ದಾಗ ಫಿಲೋಮಿನಾ ಬಾಯಿಯ ದೋಣಿ ಕಟ್ಟಿದಲ್ಲೇ ಇತ್ತು. ಗಿರಾಕಿ ಇಲ್ಲವೇ ಎಂದು ಕೇಳಿದೆ. ಇಂಜಿನ್ ಕೆಟ್ಟಿರಬೇಕು, ಆಕೆಯದು ಯಾವಾಗಲೂ ಹಾಗೇ ಎಂದು ರುದ್ರೇಶ ನಕ್ಕ.

ಅವನ ಜಾಗ ಒಂದು ಸಣ್ಣ ಕೊಲ್ಲಿ. ಎರಡೂ ಕಡೆ ಕಪ್ಪು ಬಂಡೆ, ನಡುವೆ ನೀರಿಗಿಳಿಯುವ ಸಂದು. ಅವತ್ತಿನ ಅತಿಥಿಗಳು ಹಾವೇರಿ ಕಡೆಯ ಹೊಸ ದಂಪತಿ. ಮದುಮಗಳ ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ. ರುದ್ರೇಶ ತನ್ನ ಸಾಮಾನುಗಳನ್ನು ತಾಡಪತ್ರಿಯ ಮೇಲೆ ಹರಡಿ ನನಗೆ ಒಂದೊಂದನ್ನೇ ತೋರಿಸಿದ. ಸಿಲಿಂಡರಿನಲ್ಲಿ ಇನ್ನೆಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜೊಂದನ್ನು ನನ್ನ ಕೈಗೆ ಕೊಟ್ಟ. ಅದನ್ನಿನ್ನೂ ಯಾವ ಸಿಲಿಂಡರಿಗೂ ಜೋಡಿಸಿರಲಿಲ್ಲ. ಆದರೂ ಅದರ ಮುಳ್ಳು ಸೊನ್ನೆಗಿಂತ ಮುಂದೆ, ಐವತ್ತರ ಹತ್ತಿರ ನಿಂತಿತ್ತು.

ಏನೂ ಇಡದ ತಕ್ಕಡಿ ತೂಕ ತೋರಿಸಿದರೆ ನಾನು ಅಂಗಡಿಗೆ ಬೀಗ ಹಾಕಿಸುವವನು. ಗೇಜನ್ನು ಬೆರಳಿನಿಂದ ತಟ್ಟಿದೆ. ಮುಳ್ಳು ಅಲುಗಲಿಲ್ಲ. "ಇದು ಹಿಂಗ್ಯಾಕ ರುದ್ರೇಶ?" ಎಂದು ಕೇಳಿದೆ. ಉಪ್ಪುನೀರಿಗೆ ಸ್ವಲ್ಪ ಬಿಗಿಯಾಗುತ್ತದೆ, ಗಾಳಿ ತುಂಬಿದರೆ ಸರಿ ಓಡುತ್ತದೆ ಎಂದ. ಅವನ ಹೆಂಡತಿ ಆಗಲೇ ಬುತ್ತಿಯ ಗಂಟು ಬಿಚ್ಚಿ ನನ್ನ ಕುರ್ಚಿಯ ಪಕ್ಕ ಇಟ್ಟಿದ್ದಳು. ನಾನು ಗೇಜು ವಾಪಸ್ ಕೊಟ್ಟೆ.

ನಾಲ್ವರೂ ಬೆನ್ನಿಗೆ ಭಾರ ಹೊತ್ತು ಸಂದಿನಲ್ಲಿ ನಡೆದರು. ಮುಂದೆ ರುದ್ರೇಶ ಮದುಮಗಳ ಕೈ ಹಿಡಿದಿದ್ದ. ಹಿಂದೆ ಮದುಮಗ, ಅವನ ಪಕ್ಕ ಸುಮಾ. ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಒಬ್ಬೊಬ್ಬರೇ ತಲೆ ಮುಳುಗಿಸಿದರು. ಆಮೇಲೆ ನೀರಿನ ಮೇಲೆ ಗುಳ್ಳೆಗಳು ಮಾತ್ರ ಕಾಣುತ್ತಿದ್ದವು. ನಾನು ಕುರ್ಚಿಯಲ್ಲಿ ಕೂತು ಗುಳ್ಳೆಗಳನ್ನು ಕಾಯತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಅಲೆಗಳ ನೊರೆಯಲ್ಲಿ ಗುಳ್ಳೆ ಯಾವುದು, ನೊರೆ ಯಾವುದು ತಿಳಿಯದಾಯಿತು. ಕಣ್ಣ ಮುಂದೆಯೇ ಇರುತ್ತಾಳೆ ಎಂದುಕೊಂಡಿದ್ದೆನಲ್ಲ, ಕಣ್ಣ ಮುಂದೆ ಇದ್ದದ್ದು ನೀರು ಮಾತ್ರ.

ಆಗ ಬಲಗಡೆಯ ಬಂಡೆಗಳ ಹತ್ತಿರ, ಯಾರೂ ಇರಬಾರದ ಜಾಗದಲ್ಲಿ, ಎರಡು ತಲೆ ಮೇಲೆದ್ದವು. ಮದುಮಗ ಬಾಯಿಂದ ಗಾಳಿಯ ಕೊಳವೆ ಉಗುಳಿ ಕೈ ಬಡಿಯುತ್ತಿದ್ದ. ಅವನನ್ನು ಹಿಡಿಯಲು ಸುಮಾ ಈಜಿ ಬರುವಷ್ಟರಲ್ಲಿ ಒಂದು ಅಲೆ ಇಬ್ಬರನ್ನೂ ಎತ್ತಿ ಬಂಡೆಗೆ ಹೊಡೆಯಿತು. ನಾನು ನೀರಿನ ಅಂಚಿಗೆ ಓಡಿದೆ. ಅಲೆ ಹಿಂದೆ ಸರಿದಾಗ ಅವಳು ಅವನ ಸಿಲಿಂಡರಿನ ಕುತ್ತಿಗೆ ಹಿಡಿದಿದ್ದಳು. ದಂಡೆ ಇಪ್ಪತ್ತು ಮಾರು ದೂರದಲ್ಲಿತ್ತು. ನಾನು ಈ ಕಡೆ ಬಾ ಎಂದು ಕೈ ಬೀಸಿ ಕೂಗಿದೆ. ಅವಳು ನನ್ನ ಕಡೆ ನೋಡಿದಳು. ನೋಡಿಯೂ ಅವನನ್ನು ಎಳೆದುಕೊಂಡು ಸಮುದ್ರದ ಕಡೆ, ಒಳಕ್ಕೆ, ಆಳಕ್ಕೆ ಹೊರಟಳು.

ಅವಳಿಗೆ ತಲೆ ಕೆಟ್ಟಿತೆಂದೇ ತಿಳಿದೆ. ನನಗೆ ಈಜು ಬರುವುದಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ನೋಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಎರಡು ತಲೆಗಳು ಸಣ್ಣವಾಗುತ್ತ, ಅಲೆ ಒಡೆಯುವ ಗೆರೆ ದಾಟಿ, ಬಂಡೆಯ ಮೂಲೆ ಬಳಸಿ ಮರೆಯಾದವು. ಬಂಡೆಯ ಮೇಲೆ ಹತ್ತಿ ಬಿದ್ದು ಎದ್ದು ಆಚೆ ಬದಿಗೆ ಹೋದೆ. ಅಲ್ಲಿ ಮರಳಿನ ತೀರವಿತ್ತು. ಅಲೆಗಳು ಅಲ್ಲಿ ಮೆತ್ತಗೆ ಬರುತ್ತಿದ್ದವು. ಸುಮಾ ಅವನನ್ನು ಮರಳಿಗೆ ಎಳೆದು ಹಾಕಿ ಮಂಡಿಯೂರಿ ಕೂತಿದ್ದಳು. ಅವನ ಮೊಣಕಾಲಿನ ಕೆಳಗೆ ಬಂಡೆಗೆ ಅಂಟಿದ ಚಿಪ್ಪು ಸೀಳಿ ಮೂಳೆ ಕಾಣುತ್ತಿತ್ತು. ಅವಳ ಬಲ ಅಂಗೈಯೂ ಹರಿದಿತ್ತು. ಮರಳಿನ ಮೇಲೆ ಯಾರ ರಕ್ತ ಯಾವುದೆಂದು ತಿಳಿಯುತ್ತಿರಲಿಲ್ಲ.

"ಇವನ ಗೇಜಿನ್ಯಾಗ ಇನ್ನ ಐವತ್ತು ಇತ್ತಪ್ಪ" ಅಂದಳು ಹಲ್ಲು ಕಟಕಟಿಸುತ್ತ. "ಗಾಳಿ ಪೂರಾ ತೀರಿತ್ತು."

ರುದ್ರೇಶ ಮದುಮಗಳನ್ನು ಹೊರತಂದವನು ಓಡಿಬಂದ. ಜೀಪಿನಲ್ಲಿ ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಅದರಲ್ಲಿ ತಡ ಮಾಡಲಿಲ್ಲ. ಗಾಯಕ್ಕೆ ಹೊಲಿಗೆ ಹಾಕುವಾಗ ಅವನು ನನ್ನನ್ನು ಹೊರಗೆ ಬೇವಿನ ಮರದಡಿ ಕರೆದ. ಡಾಕ್ಟರಿಗೆ ಬಂಡೆಯ ಮೇಲೆ ಕಾಲು ಜಾರಿತು ಅಂದಿದ್ದೇನೆ, ನೀವೂ ಹಾಗೇ ಅನ್ನಬೇಕು ಎಂದ. ಅತಿಥಿಗಳಿಗೆ ಗೇಜಿನ ಸುದ್ದಿ ಬೇಡ ಎಂದ. "ನಾವು ನಾವು ಒಂದ ಸೀಮಿ ಮಂದಿ ಸಾಹೇಬ್ರ. ನೀವ ಹಿಂಗ ಮಾಡಿದ್ರ ನಾ ಎಲ್ಲಿಗೆ ಹೋಗ್ಲಿ?"

ನಾನು ಒಳಗೆ ಹೋಗಿ ಮದುಮಗಳಿಗೂ ಡಾಕ್ಟರಿಗೂ ನಡೆದದ್ದನ್ನು ಹೇಳಿದೆ. ಬೆಳಿಗ್ಗೆ ಆ ಮುಳ್ಳನ್ನು ನಾನು ನೋಡಿದ್ದೆ ಎಂಬುದನ್ನೂ ಹೇಳಿದೆ. ಆ ಹುಡುಗಿ ನನ್ನನ್ನು ನೋಡಿದ ನೋಟ ಬರೆಯಲು ಬರುವಂಥದ್ದಲ್ಲ. ಹೊರಬಂದಾಗ ರುದ್ರೇಶ ಜೀಪು ತೆಗೆದುಕೊಂಡು ಹೋಗಿದ್ದ. ಅಪ್ಪ ಮಗಳು ನಡೆದೇ ಲಾಡ್ಜಿಗೆ ಬಂದೆವು.

ಮರುದಿನ ಜಗಳ. ಇಷ್ಟಾದ ಮೇಲೆ ಹುಬ್ಬಳ್ಳಿ ಬಸ್ಸು ಹಿಡಿಯುವುದೇ ಎಂದು ನಾನು ಬಟ್ಟೆ ತುಂಬತೊಡಗಿದೆ. ಅವಳು ನನ್ನ ಚೀಲದ ಮೇಲೆ ಕೂತುಬಿಟ್ಟಳು. ಒಬ್ಬನ ಗೇಜು ಕೆಟ್ಟರೆ ಸಮುದ್ರ ಕೆಡುತ್ತದೇನು ಎಂದಳು. ನಿಮಗೆ ಊರವನು ಎಂದು ನಂಬಿಕೆ ಬಂತು, ಪರ ಊರಿನವಳು ಎಂದು ಅನುಮಾನ ಬಂತು, ಎರಡೂ ಸರಿಯಾಗಲಿಲ್ಲ ಎಂದಳು. ಅವಳು ನನಗೆ ಬಹುವಚನ ಹಚ್ಚುವುದು ಸಿಟ್ಟು ಬಂದಾಗ ಮಾತ್ರ. ಬಂಡೆಯಿಂದ ಒಳಕ್ಕೆ ಯಾಕೆ ಹೋದೆ ಎಂದು ಕೇಳಿದೆ. ದಂಡೆಯ ಕಡೆ ಬಂದಿದ್ದರೆ ಅಲೆ ಇನ್ನೊಮ್ಮೆ ಕಲ್ಲಿಗೆ ಹಾಕುತ್ತಿತ್ತು, ಅಲೆ ಒಡೆಯುವ ಜಾಗದಾಚೆಯೇ ಉಸಿರು ಬಿಡಲು ಜಾಗವಿತ್ತು ಎಂದಳು. ಬಟ್ಟೆ ತುಂಬುವುದನ್ನು ಬಿಟ್ಟೆ. ಆದರೂ ಒಂದು ಷರತ್ತು ಹಾಕಿದೆ. ದೋಣಿಯನ್ನು ನಾನು ಹತ್ತಿ ನೋಡದೆ ನೀನು ಹತ್ತುವ ಹಾಗಿಲ್ಲ.

ಧಕ್ಕೆಗೆ ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಫಿಲೋಮಿನಾ ಬಾಯಿ ಸುಮಾಳ ಕೈ ಹಿಡಿದು, ಪಟ್ಟಿ ಸರಿಸಿ ಗಾಯ ನೋಡಿದಳು. ಇದು ಮಾಯುವವರೆಗೆ ನೀರಿಗೆ ಬೇಡ, ಸಮುದ್ರದ ಕೊಳೆ ಸೇರಿದರೆ ಕೈ ಹೋಗುತ್ತದೆ ಎಂದಳು. ಇವಳೂ ಜಾರಿಕೊಳ್ಳುತ್ತಿದ್ದಾಳೆ ಎಂದು ನನಗೆ ಅನಿಸಿತು. ಇಳಿಯುವುದಿಲ್ಲ, ದೋಣಿಯ ಕೆಲಸವಷ್ಟೇ ನೋಡುತ್ತೇನೆ ಎಂದು ಸುಮಾ ಬೇಡಿದಳು. ಆಕೆ ಒಪ್ಪಿದಳು. ನನ್ನ ಕಡೆ ತಿರುಗಿ, ಬರುವುದಾದರೆ ಹಲಗೆಯ ಮೇಲೆ ಕೂರಬೇಕು, ಮಾತಾಡಬಾರದು ಎಂದಳು. ಮೊನ್ನೆ ಇಲ್ಲದ ಜಾಗ ಇವತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ನಂತರದ ಬೆಳಿಗ್ಗೆ ಹೊರಟೆವು. ಬೆಂಗಳೂರಿನ ನಾಲ್ವರು ಗಂಡಸರು ಅತಿಥಿಗಳು, ಅವರನ್ನು ನೀರಿಗಿಳಿಸಲು ಆಕೆಯ ಕೆಲಸದ ಹುಡುಗರಿಬ್ಬರು. ಹೊಳೆಯ ಬಾಯಿ ದಾಟುತ್ತಲೇ ದೋಣಿ ಏರಿ ಇಳಿಯತೊಡಗಿತು. ಬೆಳಗಿನ ಉಪ್ಪಿಟ್ಟನ್ನು ಸಮುದ್ರಕ್ಕೆ ಕೊಟ್ಟೆ. ಸುಮಾ ನಿಂಬೆಹಣ್ಣು ಮೂಸಲು ಕೊಟ್ಟು, ದೂರದ ಗೆರೆಯನ್ನೇ ನೋಡು ಎಂದಳು. ಅಷ್ಟು ಸುಸ್ತಿನಲ್ಲೂ ನಾನು ಸಿಲಿಂಡರುಗಳ ಸಾಲಿನವರೆಗೆ ತೆವಳಿ, ಜೋಡಿಸದೆ ಇಟ್ಟಿದ್ದ ಗೇಜುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಮುಳ್ಳುಗಳೂ ಸೊನ್ನೆಯಲ್ಲಿದ್ದವು. ಫಿಲೋಮಿನಾ ಬಾಯಿ ಚುಕ್ಕಾಣಿ ಹಿಡಿದು ನೋಡುತ್ತಿದ್ದಳು. ನಾನು ಬರುವವನೆಂದು ಇವತ್ತಿಗೆ ಮಾತ್ರ ಒಳ್ಳೆಯವನ್ನು ತಂದಿರಬಹುದು ಎಂದುಕೊಂಡೆ.

ದ್ವೀಪ ಕಂಡಿತು. ಕುತ್ತಿಗೆಯವರೆಗೆ ಹಸಿರು ಹೊದ್ದ ಒಂದು ಗುಡ್ಡ, ಅದರ ಬುಡಕ್ಕೆ ಬಿಳಿ ನೊರೆಯ ಪಟ್ಟಿ, ಮೇಲೆ ಹಕ್ಕಿಗಳು. ಅತಿಥಿಗಳು ಎದ್ದು ನಿಂತು ಫೋಟೋ ತೆಗೆಯತೊಡಗಿದರು. ಅಷ್ಟರಲ್ಲಿ ಬಡಗಣ ದಿಕ್ಕಿನಿಂದ ತಂಪು ಗಾಳಿ ಬೀಸಿತು. ನೀರಿನ ಮೇಲೆ ಒಂದು ಕಪ್ಪು ಗೆರೆ ನಮ್ಮ ಕಡೆ ಸರಿದುಬರುತ್ತಿತ್ತು. ಫಿಲೋಮಿನಾ ಬಾಯಿ ಇಂಜಿನ್ ತಗ್ಗಿಸಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದೋಣಿಯನ್ನು ಪೂರ್ತಿ ತಿರುಗಿಸಿದಳು.

ನಾಲ್ವರೂ ಕೂಗಾಡಿದರು. ರಜೆ ಹಾಕಿ ಬಂದಿದ್ದೇವೆ, ದ್ವೀಪ ಅಲ್ಲೇ ಇದೆ, ಹೆಚ್ಚಿಗೆ ಕೊಡುತ್ತೇವೆ ಎಂದರು. ಒಬ್ಬ ಬೈದ. ಅವರು ಕೊಟ್ಟ ದುಡ್ಡನ್ನು ಪೂರ್ತಿ ವಾಪಸ್ ಕೊಡುವುದಾಗಿ ಆಕೆ ಒಂದೇ ಸಲ ಹೇಳಿ ಮುಂದೆ ನೋಡತೊಡಗಿದಳು. ಧಕ್ಕೆಯಲ್ಲಿ ಹಾಗೇ ಮಾಡಿದಳು. ಅವರು ಹೋದ ಮೇಲೆ, ಮಾತಾಡಬಾರದೆಂಬ ಕಟ್ಟು ಮುಗಿಯಿತೆಂದುಕೊಂಡು, ಅಷ್ಟು ಹತ್ತಿರ ಹೋಗಿ ಯಾಕೆ ತಿರುಗಿದಿರಿ ಎಂದು ಕೇಳಿದೆ.

"ಹೋಗುವುದು ಸುಲಭ. ಇಳಿದವರು ಮೇಲೆ ಬರುವಾಗ ದೋಣಿ ಅಲ್ಲಿಯೇ ಇರಬೇಕು. ಆ ಗಾಳಿಯಲ್ಲಿ ಇರುತ್ತಿರಲಿಲ್ಲ."

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡುವವನಲ್ಲ. ನಿಮ್ಮ ಯಜಮಾನರು ಹೇಗೆ ಹೋದರು ಎಂದು ಕೇಳಿಯೇಬಿಟ್ಟೆ. ಸುಮಾ ನನ್ನ ತೋಳು ಹಿಡಿದಳು. ಫಿಲೋಮಿನಾ ಬಾಯಿ ಹಗ್ಗ ಸುತ್ತುತ್ತಿದ್ದವಳು ನಿಲ್ಲಿಸಲಿಲ್ಲ. ಸುತ್ತುತ್ತಲೇ ಹೇಳಿದಳು. ಲಂಗರು ಬಂಡೆಗೆ ಸಿಕ್ಕಿತ್ತು. ದೋಣಿಯಲ್ಲಿ ಒಬ್ಬರೇ ಇದ್ದರು. ಬಿಡಿಸಲು ಕೆಳಗಿಳಿದರು. ಲಂಗರು ಬಿಟ್ಟಿತು, ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಯಿತು. ಮೇಲೆ ಬಂದಾಗ ಹಿಡಿಯಲು ಏನೂ ಇರಲಿಲ್ಲ.

"ಅಂದಿನಿಂದ ದೋಣಿಯಲ್ಲಿ ಒಬ್ಬರು ಮೇಲೆ ಇದ್ದೇ ಇರುತ್ತಾರೆ" ಎಂದಳು. "ಅದು ನಾನು. ನಾನು ಇಳಿಯುವುದಿಲ್ಲ."

ಸುಮಾ ಅಂದು ಸಂಜೆಯೇ ತನ್ನ ಚೀಲವನ್ನು ಫಿಲೋಮಿನಾ ಬಾಯಿಯ ಮನೆಯ ಹಿಂದಿನ ಕೋಣೆಗೆ ಒಯ್ದಳು. ನಾನು ಬಾಗಿಲ ಚಿಲಕ ಎಳೆದು ನೋಡಿದೆ, ಕಿಟಕಿಯ ಸರಳು ಅಲುಗಿಸಿ ನೋಡಿದೆ, ಅಕ್ಕಪಕ್ಕದ ಮನೆಗಳಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದೆ. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಸಿಗದ್ದಕ್ಕೇ ಕಸಿವಿಸಿಯಾಯಿತು. ಗಾಯ ಮಾಯುವವರೆಗೆ ಅವಳು ಫೋನು ಎತ್ತುವುದು, ಗಿರಾಕಿಗಳಿಗೆ ದಿನ ಹೇಳುವುದು, ಸಿಲಿಂಡರ್ ತುಂಬಿಸುವುದು ಮಾಡುವುದೆಂದು ಮಾತಾಯಿತು.

ನಾನು ಹೊರಟ ಬೆಳಿಗ್ಗೆ ಸುಮಾ ನಿಲ್ದಾಣಕ್ಕೆ ಬಂದಿದ್ದಳು. ಬಸ್ಸು ಹೆದ್ದಾರಿಗೆ ಹತ್ತಿ ಸೇತುವೆ ದಾಟುವಾಗ ಹೊಳೆಯ ಬಾಯಿ ಕಂಡಿತು. ಒಂದು ದೋಣಿ ಹೊರಗೆ ಹೋಗುತ್ತಿತ್ತು. ಅದು ಅವರದೋ ಬೇರೆಯವರದೋ ತಿಳಿಯುವ ಮೊದಲೇ ತೆಂಗಿನ ಮರಗಳು ಅಡ್ಡ ಬಂದವು. ಘಟ್ಟ ಹತ್ತುವಾಗ ನನ್ನ ತಲೆಯಲ್ಲಿ ಹೊಸ ಅನುಮಾನವೊಂದು ಕೂತಿತು. ಆಕೆ ಅವತ್ತು ದೋಣಿ ತಿರುಗಿಸಿದ್ದು ನಾನಿದ್ದೆನೆಂದೇ ಇರಬಹುದೇ? ಅಪ್ಪನ ಕಣ್ಣೆದುರು ಒಂದು ದಿನದ ದುಡ್ಡು ಬಿಟ್ಟರೆ ಕಡಿಮೆ ಸಂಬಳಕ್ಕೆ ಒಳ್ಳೆಯ ಈಜುಗಾರ್ತಿ ಸಿಗುತ್ತಾಳೆ. ಯಲ್ಲಾಪುರ, ಹುಬ್ಬಳ್ಳಿ, ಗದಗ ದಾಟಿದರೂ ಅದು ಇಳಿಯಲಿಲ್ಲ.

ಯಲಬುರ್ಗಾದಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಮನೆ ಎರಡು ಓಣಿಯಾಚೆ. ನಾನು ಮನೆಗೆ ಹೋಗದೆ ನಿಲ್ದಾಣದಲ್ಲಿ ನಾಣ್ಯ ಹಾಕುವ ಕಾಯಿನ್ ಬಾಕ್ಸ್ ಫೋನಿನ ಮುಂದೆ ನಿಂತೆ. ಗಂಟಲು ಸರಿಮಾಡಿಕೊಂಡು, ದನಿ ದಪ್ಪ ಮಾಡಿಕೊಂಡು, ಬೆಂಗಳೂರಿನವರ ಹಾಗೆ ಮಾತಾಡುವುದೆಂದು ನಿಶ್ಚಯಿಸಿ ಫಿಲೋಮಿನಾ ಬಾಯಿಯ ನಂಬರ್ ಒತ್ತಿದೆ. ಫೋನು ಎತ್ತಿದ್ದು ಸುಮಾ.

ನಾಳೆ ಐದು ಜನ ಬರುತ್ತೇವೆ, ದ್ವೀಪಕ್ಕೆ ಹೋಗಬೇಕು ಎಂದೆ.

"ನಾಳೆ ಆಗೋದಿಲ್ಲ ಸರ್. ಗಾಳಿ ಇನ್ನೂ ನಿಂತಿಲ್ಲ. ಇವತ್ತೂ ಬಿಟ್ಟಿಲ್ಲ."

ಎರಡು ಪಟ್ಟು ದುಡ್ಡು ಕೊಡುತ್ತೇವೆ, ನಿಮ್ಮ ಮೇಡಂ ಹತ್ತಿರ ಕೇಳಿ ನೋಡಿ ಎಂದೆ.

"ಕೇಳೋ ಅಗತ್ಯ ಇಲ್ಲ ಸರ್. ಎಷ್ಟು ಕೊಟ್ಟರೂ ಬಿಡೋದಿಲ್ಲ. ಗಾಳಿ ನಿಂತ ಮೇಲೆ ಫೋನ್ ಮಾಡಿ."

ಹೋಗಲಿ, ದಂಡೆಯಿಂದಾದರೂ ಒಂದು ಸಲ ಇಳಿಸಿ ಎಂದೆ. ನನ್ನ ಬೆನ್ನ ಹಿಂದೆ ಕಂಡಕ್ಟರ್ ಒಬ್ಬ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕುಷ್ಟಗಿ, ಕುಷ್ಟಗಿ ಎಂದು ಕೂಗುತ್ತಿದ್ದ.

"ಅಪ್ಪಾ" ಅಂದಳು ಸುಮಾ. "ಕುಷ್ಟಗಿ ಬಸ್ಸು ಕೂಗಾಕತ್ತೈತಿ, ಕೇಳಸ್ತು. ಮನಿಗೆ ಹೋಗು. ಅವ್ವ ಊಟಕ್ಕ ಕಾಯ್ತಿರ್ತಾಳ. ನನ್ನ ಕೈ ಸುದ್ದಿ ಆಕಿಗೆ ಹೇಳಬ್ಯಾಡ."

ಏನಾದರೂ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಾಕಿದ ನಾಣ್ಯದ ಹೊತ್ತು ಮುಗಿದು ಫೋನು ಕಟ್ಟಾಯಿತು. ಜೇಬಿನಲ್ಲಿ ಇನ್ನೂ ನಾಣ್ಯಗಳಿದ್ದವು. ಹಾಕಲಿಲ್ಲ. ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದೆ.